ಆಲಿಕಲ್ಲಿಗೆ ಸೋಲದ ತಗಡು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಅಂಗಡಿಯ ಸೂರು ಈಗಲೇ ನನ್ನ ತಲೆಯ ಮೇಲೆ ಬೀಳಲಿ. ನೀವು ಸ್ವಲ್ಪ ಆಚೆ ಸರಿದು ಕೂತರೂ ನನಗೆ ಬೇಸರವಿಲ್ಲ. ಆಣೆ ನನ್ನದು, ತಲೆ ನಿಮ್ಮದು ಯಾಕೆ ಹೋಗಬೇಕು? ನೀವು ತಗಡು ನೋಡಲು ಬಂದವರು. ಅಂಗಡಿ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಅವರು ಯಾರದೋ ಮನೆಗೆ ಸೂರು ಹೊದಿಸಲು ಹೋಗಿದ್ದಾರೆ, ಬರುವುದು ತಡವಾಗುತ್ತದೆ. ಅಲ್ಲಿಯವರೆಗೆ ಗಿರಾಕಿ ಎದ್ದು ಹೋಗದ ಹಾಗೆ ಮಾತಾಡಿಸುತ್ತಿರುವುದು ನನ್ನ ಕೆಲಸ. ತಗಡು ಎಷ್ಟು ಕಾಲ ಬಾಳುತ್ತದೆ, ಆಲಿಕಲ್ಲು ಬಿದ್ದರೆ ಏನಾಗುತ್ತದೆ, ಇನ್ಶೂರೆನ್ಸಿನವರು ಪರಿಹಾರ ಕೊಡುತ್ತಾರಾ ಎಂದು ಕೇಳಿದಿರಿ. ಎಲ್ಲಕ್ಕೂ ಉತ್ತರ ನಮ್ಮ ಮನೆಯಲ್ಲೇ ಇದೆ. ಕೇಳಿ.

ಭಾವನ ತಗಡಿನ ಗಟ್ಟಿತನವನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೇ ತುಸು ಕಡಿಮೆ ಮಾಡಿ ಹೇಳುತ್ತೇನೆ. ಒಮ್ಮೆ ನಿಮ್ಮಂಥವರೇ ಒಬ್ಬರು ಅನುಮಾನಪಟ್ಟಾಗ ಭಾವ ಅಂಗಡಿಯ ಮುಂದೆ ಒಂದು ಹಾಳೆ ಹಾಸಿ, ರಸ್ತೆ ಕೆಲಸಕ್ಕೆ ಬಂದಿದ್ದ ರೋಲರನ್ನು ಅದರ ಮೇಲೆ ಹತ್ತಿಸಿದರು. ತಗಡಿಗೆ ಏನೂ ಆಗಲಿಲ್ಲ. ರೋಲರಿನ ಚಕ್ರಕ್ಕೆ ತಗಡಿನ ಏಣುಗಳ ಅಚ್ಚು ಬಿತ್ತು. ಆಮೇಲೆ ಆ ರೋಲರು ಹಾಕಿದ ರಸ್ತೆಗಳೆಲ್ಲ ಅಲೆ ಅಲೆಯಾಗಿಯೇ ಬಂದವು. ಬರುವಾಗ ನಿಮ್ಮ ಗಾಡಿ ಗಡಗಡ ಅಂದಿರಬೇಕಲ್ಲ, ಅದೇ.

ಅಂಥ ತಗಡನ್ನೇ ಭಾವ ತಮ್ಮ ಮನೆಗೂ ಹೊದಿಸಿದ್ದರು. ಗಿರಾಕಿಗಳನ್ನು ಕರೆದುಕೊಂಡು ಹೋಗಿ ತೋರಿಸಲು ಅನುಕೂಲ. ಬಿಸಿಲಿಗೆ ಅದು ಎಷ್ಟು ಹೊಳೆಯುತ್ತಿತ್ತೆಂದರೆ, ಪಕ್ಕದ ಬೀದಿಯ ಕ್ಷೌರಿಕ ತನ್ನ ಕನ್ನಡಿಗಳನ್ನು ಮಾರಿ, ಗಿರಾಕಿಗಳನ್ನು ನಮ್ಮ ಸೂರಿನ ಕಡೆ ಮುಖ ಮಾಡಿ ಕೂರಿಸುತ್ತಿದ್ದ. ಆ ಸೂರಿಗೆ ಊನ ಅಂತ ಇದ್ದದ್ದು ಒಂದೇ. ಮಳೆ ಬಂದರೆ ಸದ್ದು.

ಎಂಥ ಸದ್ದು ಅಂತೀರಿ. ಮೈಗೆ ಮೈ ತಾಗಿಸಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಒಮ್ಮೆ ಮಟಮಟ ಮಧ್ಯಾಹ್ನದ ಮಳೆಯಲ್ಲಿ ಕಳ್ಳನೊಬ್ಬ ಹಿತ್ತಲ ಬಾಗಿಲಿಂದ ನುಗ್ಗಿ ಪಾತ್ರೆಯ ಅಟ್ಟವನ್ನೇ ಕೆಡವಿದ. ನಮಗೆ ಕೇಳಲಿಲ್ಲ. ಅವನಿಗೂ ಕೇಳಲಿಲ್ಲ. ಪಾತ್ರೆ ಬಿದ್ದದ್ದೇ ಗೊತ್ತಾಗದೆ ಅದರ ಮೇಲೆ ಕಾಲಿಟ್ಟು ಜಾರಿ ಸೊಂಟ ಉಳುಕಿಸಿಕೊಂಡ. ಕಾಪಾಡಿ ಎಂದು ಕೂಗಿಕೊಂಡನಂತೆ ಪಾಪ, ಅದೂ ಕೇಳಲಿಲ್ಲ. ಮಳೆ ನಿಂತ ಮೇಲೆ ಅಕ್ಕನೇ ಅವನ ಸೊಂಟಕ್ಕೆ ಎಣ್ಣೆ ತಿಕ್ಕಿ, ಬುದ್ಧಿ ಹೇಳಿ ಕಳಿಸಿದಳು. ಮನೆಯ ಬೆಕ್ಕು ಮಿಯಾಂವ್ ಅನ್ನುವುದನ್ನೇ ಬಿಟ್ಟು ಎಲ್ಲವನ್ನೂ ಬಾಲದಲ್ಲೇ ಹೇಳುವುದನ್ನು ಕಲಿತಿತ್ತು.

ಈ ಸದ್ದಿನಿಂದ ನಿಜವಾಗಿ ನೊಂದವಳು ಅಕ್ಕ. ಅವಳು ಸಂಜೆ ಹೊತ್ತು ನಡುಮನೆಯಲ್ಲಿ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಪಾಠ ಅಂದರೆ ಅವಳಿಗೆ ಜೀವ. ಕಣ್ಣರಳಿಸಿಕೊಂಡು ಹೇಳುತ್ತಾಳೆ, ಕೇಳುತ್ತಾ ಕೂತರೆ ನನ್ನಂಥವನಿಗೂ ಲೆಕ್ಕ ಬಂದುಬಿಡುತ್ತದೇನೋ ಅನ್ನಿಸುತ್ತದೆ. ಮಳೆ ಶುರುವಾಯಿತೋ, ಆ ಪಾಠ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಪ್ರತಿ ಮಳೆಗಾಲದಲ್ಲೂ ಅರ್ಧ ಮಕ್ಕಳು ಬೇರೆ ಕಡೆ ಹೋಗುತ್ತಿದ್ದರು, ಮಳೆ ಮುಗಿದ ಮೇಲೆ ಕೆಲವರು ವಾಪಸು ಬರುತ್ತಲೇ ಇರಲಿಲ್ಲ. ಹೀಗೇ ಆದರೆ ಒಂದು ದಿನ ನಡುಮನೆ ಖಾಲಿಯಾಗುತ್ತದೆ ಅನ್ನುವುದು ಅವಳ ಹೆದರಿಕೆ. ಮಕ್ಕಳ ಮಾತು ಹಾಗಿರಲಿ, ಗಂಡನಿಗೆ ಹೇಳಬೇಕಾದ್ದೂ ಗಂಟಲಲ್ಲೇ ಉಳಿಯುತ್ತದೆ ಎಂದು ಗೊಣಗುತ್ತಿದ್ದಳು.

ಅವಳು ಕೇಳುತ್ತಿದ್ದದ್ದು ಹಲಗೆ ಹೊಡೆಸಿ ಮೇಲೆ ಹೆಂಚು. ಸದ್ದಿಲ್ಲದ ಸೂರು. ಬೇರೇನೂ ಅಲ್ಲ. ಆದರೆ ಭಾವ ಹಿಡಿದ ಮೊಲಕ್ಕೆ ಮೂರೇ ಕಾಲು. ತಗಡಿನವನ ಮನೆಗೆ ಹೆಂಚು ಹಾಕಿದರೆ ಗಿರಾಕಿ ಏನಂದುಕೊಳ್ಳುತ್ತಾನೆ, ವೈದ್ಯ ತನ್ನ ಹೆಂಡತಿಗೆ ಜ್ವರ ಬಂದಾಗ ಪಕ್ಕದ ಬೀದಿಯ ವೈದ್ಯನ ಹತ್ತಿರ ಓಡಿದ ಹಾಗಲ್ಲವೇ ಎಂದು ವಾದಿಸುತ್ತಿದ್ದರು. ಅಕ್ಕ ಬಿಡಲಿಲ್ಲ. ಕೊನೆಗೊಂದು ದಿನ ಭಾವ ಊಟದ ತಟ್ಟೆ ಮುಂದಿಟ್ಟುಕೊಂಡೇ ಮಾತು ಕೊಟ್ಟರು.

"ನೋಡು, ಈ ತಗಡು ಸೋತ ದಿನ ನೀನು ಹೇಳಿದ್ದನ್ನ ಹಾಕಿಸ್ತೀನಿ. ಅಲ್ಲಿವರ್ಗೂ ಈ ಮಾತು ಎತ್ಬೇಡ."

"ಸಾಯೋದ್ರೊಳಗೆ ಸೋಲುತ್ತಾ?" ಅಂದಳು ಅಕ್ಕ.

"ಯಾರು ಸಾಯೋದ್ರೊಳಗೆ?" ಅಂದರು ಭಾವ.

ಬೇರೆ ಹೆಂಗಸರು ಮಗನಿಗೆ ಕೆಲಸ ಸಿಗಲಿ, ಮಗಳಿಗೆ ಮದುವೆಯಾಗಲಿ ಎಂದು ಕಾಯುತ್ತಾರೆ. ನನ್ನಕ್ಕ ತುಕ್ಕು ಹಿಡಿಯಲಿ ಎಂದು ಕಾಯತೊಡಗಿದಳು. ಬೆಳಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಬಂದು ಸೂರನ್ನು ನೋಡುತ್ತಿದ್ದಳು. ಸೂರು ಅವಳನ್ನು ನೋಡಿ ಫಳಫಳ ನಗುತ್ತಿತ್ತು.

ನಾನು ಆಗ ಅವರ ಮನೆಯಲ್ಲೇ ಇದ್ದೆ. ಒಂದು ವಾರ ಇದ್ದು ಹೋಗೋಣ ಅಂತ ಬಂದವನು. ಆದರೆ ಗಂಡ ಹೆಂಡತಿ ನಡುವೆ ಇಂಥದೊಂದು ವ್ಯಾಜ್ಯ ಇರುವಾಗ ಬಿಟ್ಟು ಹೊರಡಲು ಮನಸ್ಸು ಒಪ್ಪಬೇಕಲ್ಲ. ಹಾಗಾಗಿ ಕೆಲವು ವರ್ಷ ಉಳಿದೆ.

ಮನೆಗೆ ಇನ್ಶೂರೆನ್ಸ್ ಇತ್ತು. ಅದರ ಕಂತು ಕಟ್ಟುತ್ತಿದ್ದವಳು ಅಕ್ಕ, ತನ್ನ ಪಾಠದ ಸಂಪಾದನೆಯಲ್ಲಿ. ಇಲ್ಲೊಂದು ವಿಷಯ ನೀವು ತಿಳಿದಿರಬೇಕು. ಸಾಮಾನ್ಯ ಪಾಲಿಸಿಯವರು ಆಲಿಕಲ್ಲು ಬಿದ್ದು ಸೂರು ಸೋರಿದರೆ ಮಾತ್ರ ಪರಿಹಾರ ಕೊಡುತ್ತಾರೆ. ಬರೀ ನೆಗ್ಗಿದರೆ ಕೊಡುವುದಿಲ್ಲ. ನೆಗ್ಗಿದರೆ ಹೋಗುವುದು ಅಂದ ಮಾತ್ರ, ಅಂದ ಕೆಟ್ಟದ್ದಕ್ಕೆ ಪರಿಹಾರ ಇಲ್ಲ ಎನ್ನುವುದು ಅವರ ಕಾನೂನು. ಇದ್ದಿದ್ದರೆ ನಾನು ಎಂದೋ ಅರ್ಜಿ ಹಾಕುತ್ತಿದ್ದೆ. ಅಕ್ಕ ಮಾತ್ರ ಹಠ ಹಿಡಿದು, ಕಂತು ಸ್ವಲ್ಪ ಜಾಸ್ತಿಯಾದರೂ ಸರಿ ಎಂದು, ನೆಗ್ಗು ಬಿದ್ದರೂ ಸೂರನ್ನು ಪೂರ್ತಿ ಬದಲಾಯಿಸಿಕೊಡುವ ಪಾಲಿಸಿಯನ್ನೇ ತೆಗೆದುಕೊಂಡಿದ್ದಳು. ಭಾವ ನಕ್ಕಿದ್ದರು. ಆನೆಗೆ ನೆಗಡಿಯಾದೀತು ಅಂತ ಇನ್ಶೂರೆನ್ಸ್ ಮಾಡಿಸಿದ್ದೀಯ ಅಂದಿದ್ದರು.

ಆಮೇಲೆ ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು.

ಗಾತ್ರ ಕೇಳಬೇಡಿ. ನಿಂಬೆಹಣ್ಣು ಎಂದು ಹೇಳಿಬಿಡುತ್ತೇನೆ, ನಿಜ ಹೇಳಿ ನಿಮ್ಮ ನಂಬಿಕೆ ಕಳೆದುಕೊಳ್ಳುವುದು ಯಾಕೆ. ಒಂದನ್ನು ನಾನೇ ಒಡೆದು ನೋಡಿದೆ, ಒಳಗೆ ಇನ್ನೊಂದು ಮಳೆ ಬರುತ್ತಿತ್ತು. ನಮ್ಮ ಸೂರಿಗೆ ಬಿದ್ದ ಕಲ್ಲುಗಳಲ್ಲಿ ಕೆಲವು ಪುಟಿದು ವಾಪಸು ಮೋಡಕ್ಕೇ ಹೋದವು. ಅವು ಪಕ್ಕದ ಊರಲ್ಲಿ ಬಿದ್ದು ಅಲ್ಲಿನವರು ಕ್ಲೇಮು ಹಾಕಿದ್ದೂ ಆಯಿತು. ಎದುರುಮನೆಯವರದು ಹಳೆಯ ಸಿಮೆಂಟ್ ಶೀಟು, ಹಪ್ಪಳದ ಹಾಗೆ ಪುಡಿಯಾಯಿತು. ಅವರು ಅಡುಗೆಮನೆಯಲ್ಲಿ ನಿಂತು ಆಕಾಶ ನೋಡುತ್ತಾ ನಗುತ್ತಿದ್ದರು, ಅವರ ಪರಿಹಾರಕ್ಕೆ ಯಾರ ತಕರಾರೂ ಇರುವ ಹಾಗಿರಲಿಲ್ಲ.

ಬಿಸಿಲು ಬಂದ ಮೇಲೆ ನಾವೂ ಅಂಗಳಕ್ಕೆ ಬಂದು ನೋಡಿದೆವು. ಸೂರಿನ ತುಂಬಾ ನೆಗ್ಗು. ಸಿಡುಬು ಬಂದು ಹೋದ ಮುಖದ ಹಾಗೆ. ಅಕ್ಕನ ಮುಖ ಅರಳಿತು ನೋಡಿ, ಅಷ್ಟು ಅರಳಿದ್ದನ್ನು ಅವಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

"ಸೋಲ್ತಲ್ರೀ," ಅಂದಳು.

"ಎಲ್ಲಿ ಸೋಲ್ತು? ಒಂದು ತೊಟ್ಟು ನೀರು ಒಳಗೆ ಬಂದಿದ್ಯಾ?"

"ಇಷ್ಟೊಂದು ನೆಗ್ಗಿದೆಯಲ್ರೀ."

"ಅದು ನೆಗ್ಗಲ್ಲ, ಡಿಸೈನು."

ಜಗಳ ಬೆಳೆಯಿತು. ನ್ಯಾಯ ಹೇಳಲು ನಾನಿದ್ದೇನೆ ಅಂದೆ, ಇಬ್ಬರೂ ನನ್ನ ಕಡೆ ಒಂದೇ ಥರ ನೋಡಿದರು. ಕೊನೆಗೆ ಅಕ್ಕನೇ ದಾರಿ ಹೇಳಿದಳು. ಸೋಲು ಗೆಲುವನ್ನು ಇನ್ಶೂರೆನ್ಸಿನವರು ನೋಡಿ ಹೇಳಲಿ. ಅವರು ಹಾನಿಯಾಗಿದೆ ಅಂದರೆ ಹೆಂಚು, ಆಗಿಲ್ಲ ಅಂದರೆ ತಗಡು. ಆದರೆ ಬಂದವರ ಮುಂದೆ ಭಾವ ತಮ್ಮ ತಗಡನ್ನು ಹೊಗಳಲು ಕೂರಬಾರದು, ತುಟಿಪಿಟಿಕ್ ಅನ್ನಬಾರದು. ಭಾವ ಒಪ್ಪಿದರು. ಅಕ್ಕ ಅವರ ಬಾಯಿಗೆ ಬೀಗ ಹಾಕಿದಳು. ಕೈಗೆ ಹಾಕುವುದನ್ನು ಮರೆತಳು.

ಭಾವನ ಕೈ ವಿಷಯ ಹೇಳಬೇಕು. ನೆಗ್ಗು ಕಂಡರೆ ಅವರಿಗೆ ತಡೆಯುವುದಿಲ್ಲ. ಅದೊಂದು ಹುಟ್ಟುಗುಣ, ಸುಟ್ಟರೂ ಹೋಗದು. ಯಾರ ಮನೆಗಾದರೂ ಹೋದಾಗ ನೀರು ಕೊಟ್ಟ ಚೊಂಬು ನೆಗ್ಗಿದ್ದರೆ, ನೀರು ಕುಡಿಯುವ ಮೊದಲು ಅದನ್ನು ತಟ್ಟಿ ಸರಿ ಮಾಡುತ್ತಾರೆ. ಸಾವಿನ ಮನೆಗೆ ಮಾತಾಡಿಸಲು ಹೋದಾಗ, ಎಲ್ಲರೂ ಅಳುತ್ತಿರುವಾಗ, ಮೂಲೆಯಲ್ಲಿ ಕೂತು ಅವರ ಕೊಡಪಾನದ ನೆಗ್ಗು ತೆಗೆದಿದ್ದಾರೆ. ನಿಂತ ಕಾರುಗಳ ಬಾಗಿಲನ್ನೂ ಬಿಟ್ಟವರಲ್ಲ.

ಇದು ಸಾಲದೆಂದು ತಗಡಿನ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಭಾವ ಅಂಗಡಿ ಹಾಕುವ ಮೊದಲು ಅಂಥ ಕಾರ್ಖಾನೆಯಲ್ಲೇ ದುಡಿದವರು. ಅಲ್ಲಿ ಮೇಸ್ತ್ರಿ ಸೀಮೆಸುಣ್ಣ ಹಿಡಿದು ಬರುತ್ತಾನೆ, ಹಾಳೆಯಲ್ಲಿ ಎಲ್ಲಿ ನೆಗ್ಗಿದೆಯೋ ಅದರ ಸುತ್ತ ಒಂದು ಗುಂಡು ಬರೆದು ಮುಂದೆ ಹೋಗುತ್ತಾನೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆ ಗದ್ದಲದಲ್ಲಿ ಹೇಳಿದರೂ ಕೇಳುವುದಿಲ್ಲ. ಗುಂಡು ಬರೆದಿದೆ ಅಂದರೆ ಅದನ್ನು ತಟ್ಟಿ ಎಬ್ಬಿಸು ಅಂತ. ಹಿಂದೆ ಬರುವವನು ಮರದ ಸುತ್ತಿಗೆಯಿಂದ ಎಬ್ಬಿಸುತ್ತಾನೆ. ಭಾವ ಆ ಹಿಂದೆ ಬರುವವರಾಗಿ ಯೌವನವನ್ನೆಲ್ಲ ಕಳೆದವರು. ಗುಂಡು ಕಂಡರೆ ಅವರ ಕೈ ತಲೆಯ ಅಪ್ಪಣೆಗೆ ಕಾಯುವುದಿಲ್ಲ.

ಇನ್ಶೂರೆನ್ಸಿನಿಂದ ಬಂದ ಸರ್ವೇಯರು ಒಳ್ಳೆಯ ಮನುಷ್ಯ, ಮೆದು ಮಾತಿನವರು. ಶೂ ಬಿಚ್ಚಿ, ಕಾಲುಚೀಲ ಮಡಚಿ ಜೇಬಿಗೆ ಹಾಕಿಕೊಂಡು ಏಣಿ ಹತ್ತಿದರು. ಅಂಗೈಯಿಂದ ತಗಡನ್ನು ಸವರುತ್ತಾ, ಕೈಗೆ ಸಿಕ್ಕ ಪ್ರತಿ ನೆಗ್ಗಿನ ಸುತ್ತಲೂ ಸೀಮೆಸುಣ್ಣದಿಂದ ಗುಂಡು ಬರೆಯುತ್ತಾ ಹೋದರು. ಅವರ ಸೀಮೆಸುಣ್ಣ ಮುಗಿಯಿತು. ಅಕ್ಕ ಓಡಿಹೋಗಿ ತನ್ನ ಪಾಠದ ಡಬ್ಬಿಯಿಂದಲೇ ತಂದುಕೊಟ್ಟಳು.

ಇಳಿದು ಬಂದು ಅವರು ಹೇಳಿದ್ದು ಇಷ್ಟು. ಹಾನಿ ಆಗಿರುವುದರಲ್ಲಿ ಸಂಶಯವಿಲ್ಲ. ಆದರೆ ನಡುಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆದರೆ ನೆಗ್ಗು ಕಾಣುವುದಿಲ್ಲ, ಬರೀ ಬೆಳಕು ಕಾಣುತ್ತದೆ. ಬಿಸಿಲು ಓರೆಯಾಗಲಿ, ನೆರಳು ಬಿದ್ದು ಒಂದೊಂದೂ ಎದ್ದು ಕಾಣುತ್ತದೆ, ಆಗ ಬಂದು ತೆಗೆಯುತ್ತೇನೆ, ಅಷ್ಟರೊಳಗೆ ಎದುರುಮನೆಯವರದ್ದು ಮುಗಿಸುತ್ತೇನೆ. ಅಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿದವಳೇ ಹೆಂಚಿನ ಅಂಗಡಿಗೆ ಹೊರಟಳು, ಮಾದರಿ ನೋಡಲು.

ಮನೆಯಲ್ಲಿ ಉಳಿದವರು ಭಾವ, ನಾನು, ಸೂರು.

ಭಾವ ಸುಮ್ಮನೆ ಏಣಿ ಹತ್ತಿದರು. ನೋಡಿ ಬರುತ್ತೇನೆ ಅಂದರು. ನಾನು ಏಣಿ ಹಿಡಿದೆ, ಹಿಡಿಯುವುದು ನನ್ನ ಧರ್ಮ. ಮೇಲೆ ಹೋದವರು ಸೂರಿನ ಅಂಚಿನಲ್ಲಿ ಕೂತು ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಗುಂಡು, ಗುಂಡು, ಗುಂಡು. ಯಾವ ಮೇಸ್ತ್ರಿಯೂ ಅವರಿಗೆ ಅಷ್ಟು ಕೆಲಸ ಒಟ್ಟಿಗೆ ಕೊಟ್ಟಿರಲಿಲ್ಲ. ಅವರ ಬಲಗೈ ಬೆರಳುಗಳು ಆಡತೊಡಗಿದವು. ಅವರ ಮುಖ ನೋಡಿದೆ, ಆ ಮುಖದಲ್ಲಿ ಅಕ್ಕ ಇರಲಿಲ್ಲ, ಪಾಲಿಸಿ ಇರಲಿಲ್ಲ, ಹೆಂಚೂ ಇರಲಿಲ್ಲ. ಏನೂ ಇರಲಿಲ್ಲ.

ಇಳಿದು ಒಳಗೆ ಹೋಗಿ ಮೇಜಿನ ಮೇಲೆ ಸ್ಟೂಲು ಇಟ್ಟು, ಸುತ್ತಿಗೆ ಹಿಡಿದು ಹತ್ತಿದರು. ನೆಗ್ಗನ್ನು ಒಳಗಿನಿಂದಲೇ ಎಬ್ಬಿಸಬೇಕು. ನಾನು ಮೇಲೆ ಕೂತು ಗುಂಡು ಎಲ್ಲಿದೆ ಎಂದು ಬೆರಳಿನಿಂದ ತಟ್ಟಿ ತೋರಿಸುವುದು, ಅವರು ಕೆಳಗಿನಿಂದ ಟಕ್ ಎನ್ನಿಸುವುದು. ತಗಡು ಪಟ್ಟನೆ ಮೇಲೆದ್ದು ಸಪಾಟಾಗುವುದು. ನೀವು ಒಮ್ಮೆ ಕೂತು ನೋಡಬೇಕು, ಬಹಳ ನೆಮ್ಮದಿ ಕೊಡುವ ಕೆಲಸ. ನಾವು ಇಬ್ಬರೂ ಜೀವನದಲ್ಲಿ ಅಷ್ಟು ಹೊಂದಿಕೊಂಡು ಬೇರಾವ ಕೆಲಸವನ್ನೂ ಮಾಡಿಲ್ಲ.

ಇಳಿಬಿಸಿಲು ಬಂತು. ಸರ್ವೇಯರು ಬಂದರು. ಅವರ ಹಿಂದೆಯೇ ಅಕ್ಕ, ಕೈಯಲ್ಲಿ ಕೆಂಪು ಹೆಂಚಿನ ಒಂದು ತುಂಡು ಹಿಡಿದು. ಸರ್ವೇಯರು ಏಣಿಯ ತುದಿಗೆ ಹೋಗಿ ಕ್ಯಾಮೆರಾ ಕಣ್ಣಿಗಿಟ್ಟವರು ಹಾಗೇ ನಿಂತರು. ಕ್ಯಾಮೆರಾ ಕೆಳಗಿಳಿಸಿ ಕಣ್ಣುಜ್ಜಿಕೊಂಡರು. ಹೋಗಿ ಅಂಗೈಯಿಂದ ಸವರಿದರು. ಗುಂಡುಗಳೆಲ್ಲ ಇದ್ದಲ್ಲೇ ಇದ್ದವು. ಒಳಗೆ ಏನೂ ಇರಲಿಲ್ಲ. ಸಂಜೆಯ ಬಿಸಿಲಲ್ಲಿ ಸೂರು ಕೆರೆಯ ನೀರಿನ ಹಾಗೆ ಸಪಾಟಾಗಿ ಮಿಂಚುತ್ತಿತ್ತು.

"ಇಲ್ಲಿದ್ದ ನೆಗ್ಗುಗಳು ಎಲ್ಲಿ ಸಾರ್?" ಎಂದು ಮೇಲಿನಿಂದಲೇ ಕೇಳಿದರು.

ಭಾವ ಮಾತಾಡಲಿಲ್ಲ. ಮಾತಾಡುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಅಕ್ಕ ಅವರ ಕೈ ನೋಡಿದಳು, ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಆಮೇಲೆ ನನ್ನ ಮೊಣಕಾಲು ನೋಡಿದಳು, ಅಲ್ಲಿ ಸೀಮೆಸುಣ್ಣ ಮೆತ್ತಿಕೊಂಡಿತ್ತು.

"ರೀ," ಅಂದಳು, "ಏನ್ ಮಾಡ್ಬಿಟ್ರಿ?"

"ಗುಂಡು ಬರೆದಿದ್ರಲ್ಲೇ," ಅಂದರು ಭಾವ. ಅವರ ದನಿಯಲ್ಲಿ ತಪ್ಪು ಮಾಡಿದವನ ಅಳುಕಿಗಿಂತ ಬೆರಗೇ ಹೆಚ್ಚಿತ್ತು. ಗುಂಡು ಬರೆದಿರುವಾಗ ಬೇರೆ ಏನು ಮಾಡುತ್ತಾರೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಸರ್ವೇಯರಿಗೆ ಎಲ್ಲ ವಿವರಿಸಿದೆವು. ಅವರು ತಾಳ್ಮೆಯಿಂದ ಕೇಳಿದರು, ಮರುಕವನ್ನೂ ಪಟ್ಟರು. ಆದರೆ ಇಲ್ಲದ ನೆಗ್ಗಿನ ಫೋಟೋ ತೆಗೆಯಲು ಬರುವುದಿಲ್ಲವಲ್ಲ.

"ಬಿದ್ದ ಆಲಿಕಲ್ಲಿಗೆ ಕಂಪನಿ ಜವಾಬ್ದಾರಿ ಅಮ್ಮ," ಅಂದರು. "ಎದ್ದ ನೆಗ್ಗಿಗಲ್ಲ."

ಇನ್ನೂ ಕೆಟ್ಟದ್ದೇನೆಂದರೆ, ಹೋಗುವ ಮುನ್ನ ಭಾವನನ್ನು ಪಕ್ಕಕ್ಕೆ ಕರೆದು, ಇಂಥ ಆಲಿಕಲ್ಲು ಬಿದ್ದ ಮೇಲೂ ಇಷ್ಟು ಸಪಾಟಾಗಿರುವ ಸೂರನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ, ತಮ್ಮ ಮನೆಗೂ ಇದೇ ತಗಡು ಬೇಕು ಎಂದು ಹೇಳಿ ಹೋದರು. ಭಾವ ಅಳತೆ ಬರೆದುಕೊಂಡರು. ಮರುವಾರದಿಂದ ಅಂಗಡಿಗೆ ಜನ ಬರತೊಡಗಿದರು. ಆಲಿಕಲ್ಲಿಗೆ ಸೋಲದ ತಗಡು ಎಂದು ಬೀದಿಯೆಲ್ಲ ಸುದ್ದಿಯಾಯಿತು. ಎದುರುಮನೆಯವರು ಕೂಡ ತಮ್ಮ ಪರಿಹಾರದಲ್ಲಿ ಇದನ್ನೇ ಹೊದಿಸಿಕೊಂಡರು. ಈಗ ಮಳೆ ಬಂದರೆ ಎರಡು ಮನೆಯ ಸದ್ದು ಸೇರುತ್ತಿತ್ತು.

ಅಕ್ಕ ಹೆಂಚಿನ ತುಂಡನ್ನು ಕಿಟಕಿಯ ಮೇಲಿಟ್ಟು ಭಾವನ ಜೊತೆ ಮಾತು ಬಿಟ್ಟಳು. ಆದರೆ ಅಷ್ಟರಲ್ಲಿ ಮಳೆಗಾಲ ಶುರುವಾಗಿಬಿಟ್ಟಿತ್ತು, ಹಾಗಾಗಿ ಅವಳು ಮಾತು ಬಿಟ್ಟದ್ದು ಭಾವನಿಗೆ ತಿಳಿಯಲೇ ಇಲ್ಲ. ಮಕ್ಕಳು ಒಬ್ಬೊಬ್ಬರೇ ಜಾರಿಕೊಂಡರು. ಒಂದು ಸಂಜೆ ನೋಡುತ್ತೇನೆ, ಪಾಠಕ್ಕೆ ಕೂತದ್ದು ಒಂದೇ ಒಂದು ಹುಡುಗಿ, ಅದೂ ಕೊಡೆ ತರುವುದನ್ನು ಮರೆತಿದ್ದಕ್ಕೆ. ಅಕ್ಕ ಕರಿಹಲಗೆಯ ಮುಂದೆ ನಿಂತು ಅವಳೊಬ್ಬಳಿಗೇ, ಗಂಟಲು ಹರಿಯುವ ಹಾಗೆ, ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಆ ಹುಡುಗಿ ಸೂರು ನೋಡುತ್ತಿದ್ದಳು. ನನ್ನಂಥ ಕಲ್ಲೆದೆಯವನಿಗೂ ಅದನ್ನು ನೋಡಲಾಗಲಿಲ್ಲ, ಒಳಗೆ ಹೋಗಿ ಮಲಗಿದೆ.

ಆ ಹೊತ್ತಿನಲ್ಲೇ ತೊಟ್ಟಿಕ್ಕಿದ್ದು. ಮೊದಲು ಕರಿಹಲಗೆಯ ಮೇಲೊಂದು ಹನಿ. ಭಿನ್ನರಾಶಿಯ ಅಡ್ಡಗೆರೆ ಅಳಿಸಿತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ನಡುಮನೆಯ ತುಂಬಾ ಟಪ್ ಟಪ್.

ಭಾವ ಮೊದಲು ಒಪ್ಪಲಿಲ್ಲ. ತಗಡು ಬೆವರುತ್ತಿದೆ ಎಂದು ಹಣೆ ಒರೆಸಿ ಸನ್ನೆ ಮಾಡಿದರು. ಚಳಿಯಲ್ಲಿ ಯಾವ ತಗಡು ಬೆವರುತ್ತದೆ ಎಂದು ಅಕ್ಕ ಹೆಂಚಿನ ತುಂಡು ಎತ್ತಿಕೊಂಡು ಸನ್ನೆಯಲ್ಲೇ ಕೇಳಿದಳು. ಮಳೆ ನಿಂತ ಕೂಡಲೇ ಭಾವ ಏಣಿ ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ. ಸೀಮೆಸುಣ್ಣ ತೊಳೆದುಹೋಗಿತ್ತು, ಆದರೆ ಗುಂಡು ಇದ್ದ ಜಾಗ ಒಂದೊಂದನ್ನೂ ಬೆರಳಿಟ್ಟು ತೋರಿಸಬಹುದಿತ್ತು. ಅವರು ಸುತ್ತಿಗೆಯಿಂದ ಎಬ್ಬಿಸಿದ ಕಡೆಯೆಲ್ಲ ಮೇಲಿನ ಬಣ್ಣ ಬಿರಿದು, ಸತುವಿನ ಪದರ ಕೂದಲೆಳೆಯಷ್ಟು ಸೀಳಿ, ಆ ಸೀಳಿನಲ್ಲಿ ತುಕ್ಕು ಹಿಡಿದು, ಸೂಜಿ ಹಾಯುವಷ್ಟು ತೂತು ಬಿದ್ದಿತ್ತು. ನೆಗ್ಗನ್ನು ನೆಗ್ಗಾಗಿಯೇ ಬಿಟ್ಟಿದ್ದರೆ ಆ ಸೂರು ಇನ್ನೂ ಮೂರು ತಲೆಮಾರು ಬಾಳುತ್ತಿತ್ತು.

ಭಾವ ಇಳಿದು ಬಂದರು. ಅವರ ಮುಖ ಬಾಡಿರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಎದೆ ಉಬ್ಬಿಸಿದ್ದಾರೆ.

"ಆಲಿಕಲ್ಲಿಗೂ ಸೋಲದ ತಗಡು," ಅಂದರು, "ನನ್ನ ಕೈಗೆ ಸೋಲ್ತು ನೋಡು."

ಅಕ್ಕ ಹೆಂಚಿನ ತುಂಡನ್ನು ಅವರ ಕೈಗಿಟ್ಟಳು. ಇನ್ಶೂರೆನ್ಸಿನವರನ್ನು ಕೇಳುವ ಹಾಗೂ ಇರಲಿಲ್ಲ, ಯಜಮಾನನೇ ಬಡಿದು ಹಾಳು ಮಾಡಿದ್ದಕ್ಕೆ ಯಾವ ಪಾಲಿಸಿಯೂ ಇಲ್ಲ. ಭಾವ ತಮ್ಮ ಸ್ವಂತ ದುಡ್ಡಿನಲ್ಲೇ ಹಲಗೆ ಹೊಡೆಸಿ ಹೆಂಚು ಹಾಕಿಸಿದರು. ಹೆಂಚಿನವರು ಬಂದು ಕೆಲಸ ಮಾಡುವಷ್ಟು ದಿನವೂ ಅವರು ಮನೆಯ ಕಡೆ ಬರಲೇ ಇಲ್ಲ, ಅಂಗಡಿಯಲ್ಲೇ ಕೂತು ಊಟ ತರಿಸಿಕೊಂಡರು. ಮಾನವಂತರು.

ಹೊಸ ಸೂರಿನ ಕೆಳಗೆ ಮೊದಲ ಮಳೆ ಬಂದ ಸಂಜೆ ನಾನು ಅಲ್ಲಿದ್ದೆ. ಮಕ್ಕಳು ವಾಪಸು ಬಂದಿದ್ದರು. ನಡುಮನೆ ತುಂಬಿತ್ತು. ಹೊರಗೆ ಧೋ ಎಂದು ಸುರಿಯುತ್ತಿದೆ, ಒಳಗೆ ಅಕ್ಕನ ದನಿ ಒಂದು ಅಕ್ಷರವೂ ಉದುರದ ಹಾಗೆ ಕೇಳುತ್ತಿದೆ. ಅವಳು ಪಾಠವನ್ನು ಪಿಸುಮಾತಿನಲ್ಲಿ ಹೇಳಿದಳು. ಬೇಕೆಂದೇ. ಹಿಂದಿನ ಸಾಲಿನ ಮಗು ತಪ್ಪಿಲ್ಲದೆ ಉತ್ತರ ಕೊಟ್ಟಾಗ ಅವಳು ಕರಿಹಲಗೆಯ ಕಡೆ ತಿರುಗಿಕೊಂಡಳು, ಬೆನ್ನು ಮಾತ್ರ ಕಾಣುತ್ತಿತ್ತು.

ಪಾಠ ಮುಗಿದು ಮಕ್ಕಳು ಹೋದ ಮೇಲೆ ನಾವು ಊಟಕ್ಕೆ ಕೂತೆವು, ಭಾವ ಆ ಕಡೆ, ನಾನು ಈ ಕಡೆ, ಅಕ್ಕ ಬಡಿಸುತ್ತಾ. ಮಳೆ ಜೋರಾಯಿತು. ಹಳೆಯ ಸೂರಿನ ಕೆಳಗೆ ಎಷ್ಟೋ ವರ್ಷ ಮಳೆಯ ಹೊತ್ತಿನ ಊಟ ಹೀಗೇ ನಡೆದಿತ್ತು. ಭಾವ ತಟ್ಟೆ ನೋಡುತ್ತಾ ತುಟಿ ಆಡಿಸುತ್ತಿದ್ದರು, ಅಕ್ಕ ಪಾತ್ರೆ ನೋಡುತ್ತಾ ತುಟಿ ಆಡಿಸುತ್ತಿದ್ದಳು. ಇಬ್ಬರೂ ಏನೋ ಪ್ರಾರ್ಥನೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಆ ದಿನವೂ ಮಳೆ ಜೋರಾದ ಕೂಡಲೇ ಅಭ್ಯಾಸಬಲದಿಂದ ಇಬ್ಬರ ತುಟಿಯೂ ಆಡಿತು.

"ನಿನ್ ತಮ್ಮ ಯಾವಾಗ ಹೊರಡ್ತಾನಂತೆ?" ಅಂದರು ಭಾವ.

"ಇವ್ನು ಯಾವಾಗ ಹೊರಡ್ತಾನಂತೆ, ನೀವಾದ್ರೂ ಒಂದ್ಮಾತು ಕೇಳ್ರೀ," ಅಂದಳು ಅಕ್ಕ.

ಎರಡೂ ಒಟ್ಟಿಗೇ ಬಂತು. ಎರಡೂ ಸ್ಪಷ್ಟವಾಗಿ ಕೇಳಿತು. ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. ಭಾವನ ತುತ್ತು ಬಾಯಿಯ ಹತ್ತಿರವೇ ಉಳಿಯಿತು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಂಚಿನ ಜಗಳ ಶುರುವಾದಂದಿನಿಂದ ಅವರು ಒಬ್ಬರ ಮುಖ ಒಬ್ಬರು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

"ನೀವೂನಾ?" ಅಂದಳು ಅಕ್ಕ.

"ಪ್ರತಿ ಮಳೆಗೂ," ಅಂದರು ಭಾವ.

ಬಿಸಿಲಲ್ಲಿ ಯಾಕೆ ಹೇಳಿಕೊಳ್ಳಲಿಲ್ಲ ಅನ್ನುತ್ತೀರಾ? ನಾನು ಅವರಿಬ್ಬರನ್ನೇ ಒಂದು ಗಳಿಗೆಯೂ ಬಿಟ್ಟವನಲ್ಲ. ಯಾರ ವಿಷಯ ಮಾತಾಡುತ್ತಿದ್ದಾರೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಸುತ್ತಲೂ ನೋಡಿದೆ, ಬೆಕ್ಕು ಕೂತಿತ್ತು. ಅದು ಬಾಲದಲ್ಲಿ ಬಾಗಿಲು ತೋರಿಸಿತು. ಆಗ ಅರ್ಥವಾಯಿತು. ಅಂಗಡಿಗೆ ಕಾವಲು ಇಲ್ಲದೆ ಭಾವ ಕಷ್ಟಪಡುತ್ತಿದ್ದಾರೆ, ನಾನು ಅಂಗಡಿಗೆ ಯಾವಾಗ ಹೊರಡುತ್ತೇನೋ ಎಂದು ಪಾಪ ಇಬ್ಬರೂ ವರ್ಷಗಳಿಂದ ಕಾದಿದ್ದಾರೆ, ಸಂಕೋಚಕ್ಕೆ ಬಾಯಿಬಿಟ್ಟು ಕೇಳಿಲ್ಲ. ಒಡನೆಯೇ ಹಾಸಿಗೆ ಸುತ್ತಿಕೊಂಡು ಎದ್ದೆ. ಊಟ ಮುಗಿಸಿ ಹೋಗು ಎಂದು ಯಾರೂ ಒತ್ತಾಯ ಮಾಡಲಿಲ್ಲ, ನನ್ನ ಸ್ವಾಭಿಮಾನ ಅವರಿಗೆ ಗೊತ್ತು.

ಅಂದಿನಿಂದ ವಾಸ ಇಲ್ಲೇ, ಈ ತಗಡಿನ ಕೆಳಗೆ. ಅಕ್ಕನ ಮನೆ ಈಗ ಬಹಳ ನಿಶ್ಶಬ್ದ, ನನಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ ಅನ್ನಿ. ಸದ್ದು ಅಂದರೆ ಇಲ್ಲಿಯದು. ಮತ್ತೆ ಗಟ್ಟಿತನ ಅಂತೀರಾ, ಮೊನ್ನೆ ಇದೇ ಸೂರಿಗೆ ಒಂದು ಸಿಡಿಲು ಬಿತ್ತು ನೋಡಿ. ತಗಡು ತೂತಾಗಲಿಲ್ಲ, ಸಿಡಿಲಿಗೇ ಪೆಟ್ಟಾಯಿತು. ಅದು ಕುಂಟುತ್ತಾ ಅಂಚಿನವರೆಗೆ ಬಂದು, ಈ ಕಂಬ ಹಿಡಿದು ಇಳಿದು, ಈಗ ನೀವು ಕೂತಿದ್ದೀರಲ್ಲ ಅದೇ ಕುರ್ಚಿಯಲ್ಲಿ ಕೂತು, ಸ್ವಲ್ಪ ನೀರು ಕೊಡಿ ಅಂತ... ಯಾಕೆ ಎದ್ದಿರಿ? ಸೂರು ಕಿರ್ರ್ ಅಂದದ್ದಕ್ಕಾ? ಅದು ಗಾಳಿಗೆ. ಭಾವ ಬಂದೇ ಬರುತ್ತಾರೆ. ನೀರು ಕೊಟ್ಟೆ, ಕುಡಿಯಿತು, ಆಮೇಲೆ ಆ ಸಿಡಿಲು ನನ್ನ ಮುಖ ನೋಡಿ, ನಿಮ್ಮ ತಗಡಿಗೆ ಇನ್ಶೂರೆನ್ಸ್ ಇದೆ, ಸರಿ, ನನಗೆ—